ಬಾಗಿಲು ಹಾಕಿದ ಕಡಲು

ದುಮಗೆತೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪ, ಅಮ್ಮ,

ನಾನು ಇಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಕ್ಷೇಮ. ನೀವಿಬ್ಬರೂ, ಅಜ್ಜಿಯೂ, ತಮ್ಮನೂ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಅಪ್ಪ, ಮೊನ್ನೆ ಫೋನಿನಲ್ಲಿ "ಅಲ್ಲಿಯ ದೋಣಿ ಹೇಗಿರುತ್ತದೆ ಮಗಾ" ಎಂದು ಕೇಳಿದಿರಿ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲೈನು ಹೋಯಿತು. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದೂ ಇಲ್ಲ. ಹೇಳುವುದು ತುಂಬಾ ಇದೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ತಮ್ಮ ನಿಧಾನಕ್ಕೆ ಓದಿ ಹೇಳಲಿ, ಗಡಿಬಿಡಿ ಮಾಡದೆ.

ಮೊದಲು ಅಮ್ಮನಿಗೆ ಉತ್ತರ. ಅಮ್ಮ, "ಕೆಲಸಕ್ಕೆ ಅಂತ ಹೋಗಿ ದುಡ್ಡು ತಿರುಗಾಟಕ್ಕೆ ಸುರಿಯಬೇಡ" ಎಂದೆಯಲ್ಲ, ನಿನ್ನ ಮಾತು ನೆನಪಿದೆ. ತಮ್ಮನ ಫೀಸಿನ ದುಡ್ಡು ಬೇರೆ ಎತ್ತಿಟ್ಟಿದ್ದೇನೆ, ಅದನ್ನು ಮುಟ್ಟಿಲ್ಲ. ಇಲ್ಲಿಯ ಒಂದು ಪೆಸೊ ಅಂದರೆ ನಮ್ಮ ಒಂದೂವರೆ ರೂಪಾಯಿ ಹತ್ತಿರ. ಕಂಪನಿಯವರು ಉಳಿಯಲು ರೂಮು ಕೊಟ್ಟಿದ್ದಾರೆ. ಊಟ, ಓಡಾಟ ಮಾತ್ರ ನನ್ನದು. ವಾರಕ್ಕೆ ಇಷ್ಟು ಎಂದು ಒಂದು ಲಕೋಟೆಯಲ್ಲಿ ಹಾಕಿಡುತ್ತೇನೆ. ಲಕೋಟೆ ಖಾಲಿಯಾದರೆ ಆ ವಾರದ ತಿರುಗಾಟವೂ ಮುಗಿಯಿತು. ನೀನು ಸಕ್ಕರೆ ಡಬ್ಬಿಯಲ್ಲಿ ಇಡುತ್ತೀಯಲ್ಲ, ಅದೇ ಲೆಕ್ಕ.

ದುಮಗೆತೆ ಸಣ್ಣ ಊರು. ನೀಗ್ರೋಸ್ ಅನ್ನುವ ದೊಡ್ಡ ದ್ವೀಪದ ಅಂಚಿನಲ್ಲಿದೆ. ಬೆಳಿಗ್ಗೆ ಎದ್ದು ಕಡಲ ಬದಿಯ ರಿಸಾಲ್ ರಸ್ತೆಗೆ ಹೋದರೆ ಅಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ. ನಮ್ಮಲ್ಲಿ ಕಡಲಿಗೆ ಮುಳುಗುವವನನ್ನೇ ಇಷ್ಟು ವರ್ಷ ನೋಡಿ, ಇದು ಅಭ್ಯಾಸವಾಗಲು ವಾರ ಬೇಕಾಯಿತು. ಊರೊಳಗೆ ಓಡಾಡಲು ಟ್ರೈಸಿಕಲ್ ಇದೆ. ಬೈಕಿಗೆ ದೊಡ್ಡ ತೊಟ್ಟಿ ಜೋಡಿಸಿದ ಹಾಗೆ ಇರುತ್ತದೆ, ಆರೇಳು ಜನ ಕೂರುತ್ತಾರೆ. ಸ್ವಲ್ಪ ಚಿಲ್ಲರೆ ಕೊಟ್ಟರೆ ಊರಿನ ಯಾವ ಮೂಲೆಗೂ ಹೋಗಬಹುದು. ದೂರಕ್ಕೆ ಜೀಪ್ನಿ ಎನ್ನುವ ಉದ್ದನೆಯ ಬಾಡಿಗೆ ಜೀಪು. ಹಿಂದೆ ಕೂತವರು ಬಾಡಿಗೆ ದುಡ್ಡನ್ನು ಪಕ್ಕದವರ ಕೈಗೆ ಕೊಡುತ್ತಾರೆ. ಅದು ಕೈಯಿಂದ ಕೈಗೆ ದಾಟಿ ಡ್ರೈವರನಿಗೆ ತಲುಪುತ್ತದೆ, ಚಿಲ್ಲರೆಯೂ ಹಾಗೇ ವಾಪಸ್ ಬರುತ್ತದೆ. ಇಳಿಯಬೇಕಾದರೆ "ಲುಗಾರ್ ಲಾಂಗ್" ಎನ್ನಬೇಕು. ಇಲ್ಲಿಯವರ ಬಿಸಾಯಾ ಭಾಷೆಯಲ್ಲಿ ನಾನು ಮೊದಲು ಕಲಿತ ಮಾತು ಅದೇ.

ಬೆಳಗಿನ ತಿಂಡಿಗೆ ಇಲ್ಲಿಯ ಸಂತೆ ಮಾರುಕಟ್ಟೆಗೆ ಹೋಗುತ್ತೇನೆ. ಒಂದು ಸಾಲಿನ ತುಂಬ ಉದ್ದನೆ ಬೆಂಚು ಹಾಕಿದ್ದಾರೆ. ಅಲ್ಲಿ ಬುಡ್‌ಬುಡ್ ಎನ್ನುವ ಕಡುಬು ಸಿಗುತ್ತದೆ. ಕಾಬೊಗ್ ಎನ್ನುವ ಸಿರಿಧಾನ್ಯವನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಬಾಳೆ ಎಲೆಯಲ್ಲಿ ಸುತ್ತಿ, ಮತ್ತೆ ಬೇಯಿಸುತ್ತಾರೆ. ಎಲೆ ಬಿಚ್ಚಿದಾಗ ಬರುವ ಆವಿಯ ವಾಸನೆ ಇದೆಯಲ್ಲ ಅಮ್ಮ, ನಮ್ಮ ಮನೆಯ ಎಲೆ ಕಡುಬಿನದ್ದೇ. ಅರಿಶಿನ ಎಲೆ ಒಂದು ಇಲ್ಲ, ಅಷ್ಟೇ. ಜೊತೆಗೆ ಗಟ್ಟಿ ಬಿಸಿ ಚಾಕಲೇಟು ಕುಡಿಯುತ್ತಾರೆ, ಮಾವಿನ ಹಣ್ಣಿನ ಹೋಳು ಇಡುತ್ತಾರೆ. ಅಷ್ಟು ತಿಂದರೆ ಮಧ್ಯಾಹ್ನದವರೆಗೆ ಹಸಿವೆ ಇಲ್ಲ.

ನನಗೆ ಮಂಗಳವಾರ, ಬುಧವಾರ ರಜೆ. ಒಂದು ಮಂಗಳವಾರ ಬೆಟ್ಟದ ಮೇಲಿನ ಜೋಡಿ ಕೆರೆಗೆ ಹೋಗಿ ಬಂದೆ. ಬಲಿನ್ಸಸಯಾವೊ, ದನಾವೊ ಎಂದು ಹೆಸರು. ಜ್ವಾಲಾಮುಖಿಯ ಗುಂಡಿಯಲ್ಲಿ ನೀರು ನಿಂತು ಆದ ಕೆರೆಗಳು, ನಡುವೆ ಒಂದು ಸಪೂರ ದಿಬ್ಬ ಮಾತ್ರ. ಮುಖ್ಯರಸ್ತೆಯವರೆಗೆ ಬಸ್ಸು, ಅಲ್ಲಿಂದ ಮೇಲಕ್ಕೆ ಬಾಡಿಗೆ ಬೈಕು. ಸಹೋದ್ಯೋಗಿ ಹುಡುಗಿ ಜೊತೆಗಿದ್ದಳು, ಬಾಡಿಗೆ ಇಬ್ಬರೂ ಹಂಚಿಕೊಂಡೆವು. ಮಂಜು, ಮರದ ಮೇಲೆಲ್ಲ ಪಾಚಿ, ಜೀರುಂಡೆ ಸದ್ದು. ಕಣ್ಣು ಮುಚ್ಚಿದರೆ ದೇವಿಮನೆ ಘಟ್ಟ. ಇನ್ನೊಂದು ಸಲ ವಲೆನ್ಸಿಯಾ ಎಂಬ ಊರಿನ ಕಾಸರೋರೊ ಅಬ್ಬಿಗೆ ಹೋದೆವು. ಮುನ್ನೂರಕ್ಕಿಂತ ಜಾಸ್ತಿ ಮೆಟ್ಟಿಲು ಇಳಿದು, ಆಮೇಲೆ ಹೊಳೆಯ ಬಂಡೆ ಹತ್ತಿ ಇಳಿದು ಹೋಗಬೇಕು. ನನ್ನ ಚಪ್ಪಲಿಯ ಬಾರು ಅಲ್ಲೇ ಕಿತ್ತುಹೋಯಿತು. ಬರಿಗಾಲಿನಲ್ಲಿ ವಾಪಸ್ ಹತ್ತಿದೆ. ಅಮ್ಮ, ಹೆದರಬೇಡ, ಕಾಲಿಗೆ ಏನೂ ಆಗಿಲ್ಲ.

ಅಪ್ಪ, ಈಗ ನಿಮಗಾಗಿ ಬರೆಯಲು ಕೂತಿದ್ದು.

ಇಲ್ಲಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಹೋದರೆ ಮಲಾತಪಾಯ್ ಎಂಬ ಕಡಲ ದಂಡೆ. ಬುಧವಾರ ಅಲ್ಲಿ ಸಂತೆ. ಅದರ ಎದುರಿಗೆ ಕಡಲಿನಲ್ಲಿ ಆಪೋ ಅನ್ನುವ ದ್ವೀಪ ಕಾಣುತ್ತದೆ. ಮೊದಲ ಸಲ ಹೋದಾಗ ಗಾಳಿ ಜೋರಿತ್ತು, ಬೋಟು ಬಿಡಲಿಲ್ಲ. ನಿರಾಸೆಯಾಯಿತು. ಆದರೆ ಇಡೀ ದಿನ ಸಂತೆಯಲ್ಲಿ ತಿರುಗಿದೆ. ಬೆಟ್ಟದವರು ದನ, ಹಂದಿ, ಗೆಣಸು, ತರಕಾರಿ ತರುತ್ತಾರೆ. ಕಡಲವರು ಹಸಿಮೀನು, ಒಣಮೀನು ತರುತ್ತಾರೆ. ಹಿಂದೆ ದುಡ್ಡಿಲ್ಲದೆ ಮೀನು ಕೊಟ್ಟು ಕಾಳು ತರಕಾರಿ ಒಯ್ಯುತ್ತಿದ್ದರಂತೆ. ಅಜ್ಜಿ ಬುಟ್ಟಿ ಹೊತ್ತುಕೊಂಡು ಮೇಲಿನ ಊರಿಗೆ ಹೋಗಿ ಮೀನು ಕೊಟ್ಟು ಭತ್ತ ತರುತ್ತಿದ್ದ ಕತೆ ಹೇಳುತ್ತಿದ್ದರಲ್ಲ, ಅದು ನೆನಪಾಯಿತು. ಒಣಮೀನಿನ ಅಂಗಡಿಯ ಹೆಂಗಸು ನನ್ನ ಮುಖ ನೋಡಿ ಒಂದು ತುಂಡು ಕೈಗಿಟ್ಟಳು. ಉಪ್ಪು ನಮ್ಮದಕ್ಕಿಂತ ಕಡಿಮೆ.

ಮುಂದಿನ ವಾರ ಕಡಲು ತಣ್ಣಗಿತ್ತು. ಬೋಟಿನ ಬಾಡಿಗೆ ತಲೆಗಿಷ್ಟು ಎಂದಲ್ಲ, ಬೋಟಿಗೆ ಇಷ್ಟು ಎಂದು. ಒಬ್ಬಳೇ ಹೋದರೆ ನನ್ನ ಎರಡು ವಾರದ ಲಕೋಟೆ ಖಾಲಿ. ದಂಡೆಯಲ್ಲಿ ಒಂದು ತಾಸು ಕಾದು, ಬೇರೆ ಬೇರೆ ಊರಿನ ಏಳು ಜನರ ಜೊತೆ ಸೇರಿಕೊಂಡೆ. ನನ್ನ ಪಾಲಿಗೆ 400 ಪೆಸೊ ಚಿಲ್ಲರೆ ಬಂತು, ಹೋಗಿ ಬರಲು ಸೇರಿ. ಬೋಟಿಗೆ ಬಾಂಕಾ ಎನ್ನುತ್ತಾರೆ. ನಮ್ಮ ಪಾತಿ ದೋಣಿಗೆ ಒಂದು ಬದಿಯಲ್ಲಿ ತೇಲುಮರ ಕಟ್ಟಿರುತ್ತದಲ್ಲ, ಇವರದ್ದಕ್ಕೆ ಎರಡೂ ಬದಿಗೆ ಬಿದಿರು. ಮೈ ಸಪೂರ, ಮೂತಿ ಚೂಪು. ತೆರೆ ಬಂದಾಗ ಬಿದಿರು ನೀರಿಗೆ ಒತ್ತಿ ಮತ್ತೆ ಏಳುತ್ತದೆ, ದೋಣಿ ಮಗುಚುವ ಭಯವಿಲ್ಲ. ಬಿದಿರನ್ನು ಅಡ್ಡಮರಕ್ಕೆ ಮೊಳೆ ಹೊಡೆದಿರಲಿಲ್ಲ, ದಪ್ಪ ನೈಲಾನ್ ದಾರದಲ್ಲಿ ಬಿಗಿದು ಕಟ್ಟಿದ್ದರು. ಗಂಟು ಹಾಕಿದ ರೀತಿಯ ಫೋಟೋ ತೆಗೆದಿದ್ದೇನೆ. ತಮ್ಮನ ಫೋನಿಗೆ ಕಳಿಸುತ್ತೇನೆ, ನೋಡಿ.

ಆಪೋ ಸಣ್ಣ ದ್ವೀಪ. ಒಟ್ಟು ಸೇರಿ 74 ಹೆಕ್ಟೇರ್, ಅಷ್ಟೇ. ಇರುವವರಲ್ಲಿ ಹೆಚ್ಚಿನವರು ಮೀನಿನವರು. ಇವರ ಕತೆಯನ್ನು ನಿಮಗೆ ಹೇಳಲೇಬೇಕು.

ಹಿಂದೆ ಇಲ್ಲಿಯೂ ಮೀನು ಹೋಗಿತ್ತು. ಡೈನಮೈಟ್ ಸಿಡಿಸುತ್ತಿದ್ದರು, ಸಯನೈಡ್ ಹಾಕುತ್ತಿದ್ದರು. ಹವಳದ ದಿಬ್ಬವನ್ನು ಕಲ್ಲಿನಿಂದ ಕುಟ್ಟಿ, ಮೀನನ್ನು ಬೆದರಿಸಿ ಬಲೆಗೆ ಓಡಿಸುತ್ತಿದ್ದರು. ಹವಳ ಸತ್ತ ಮೇಲೆ ಮೀನಿಗೆ ಮನೆ ಎಲ್ಲಿ? ದ್ವೀಪದವರು ದೂರ ದೂರ ಹೋಗಿ ಮೀನು ಹುಡುಕಬೇಕಾಯಿತು. ಆಗ ದುಮಗೆತೆಯ ಸಿಲ್ಲಿಮನ್ ವಿಶ್ವವಿದ್ಯಾಲಯದ ಆಂಜೆಲ್ ಅಲ್ಕಾಲ ಎಂಬ ವಿಜ್ಞಾನಿ ಬಂದರು. ಕಡಲಿನ ಒಂದು ತುಂಡಿಗೆ ಬಾಗಿಲು ಹಾಕಿ, ಅಲ್ಲಿ ಯಾರೂ ಮೀನು ಹಿಡಿಯಬೇಡಿ ಎಂದರು. ಯಾರು ಒಪ್ಪುತ್ತಾರೆ? ಮೂರು ವರ್ಷ ಬರೀ ಮಾತುಕತೆಯೇ ನಡೆಯಿತಂತೆ. ಅವರು ಸುಮ್ನೆ ಭಾಷಣ ಮಾಡಲಿಲ್ಲ. ಇಲ್ಲಿಯ ಮೀನಿನವರನ್ನು ಸುಮಿಲೊನ್ ಎಂಬ ಇನ್ನೊಂದು ದ್ವೀಪಕ್ಕೆ ಕರೆದುಕೊಂಡು ಹೋದರು. ಅಲ್ಲಿ 1974ರಲ್ಲೇ ಹಾಗೆ ಕಾದಿಟ್ಟಿದ್ದ ಕಡಲಿತ್ತು. ಎಷ್ಟು ಮೀನಿದೆ ಎಂದು ಕಣ್ಣಾರೆ ತೋರಿಸಿದರು.

1982ರಲ್ಲಿ 14 ಕುಟುಂಬಗಳು ಒಪ್ಪಿದವು. 14 ಮಾತ್ರ, ಅಪ್ಪ. ದಂಡೆಯ 450 ಮೀಟರ್ ಉದ್ದದ ಒಂದು ಭಾಗವನ್ನು ಗುರುತು ಮಾಡಿದರು. ಕಾವಲು ಕಾಯಲು ಸರ್ಕಾರದವರು ಬರಲಿಲ್ಲ. ದಂಡೆಯಿಂದಲೇ ಒಬ್ಬರು ನೋಡಿಕೊಂಡರೆ ಸಾಕಿತ್ತು, ಮನೆಯವರು ಸರದಿ ಹಾಕಿಕೊಂಡರು. ಆ ತುಂಡಿನಲ್ಲಿ ಮೀನು ದೊಡ್ಡದಾಯಿತು, ಸಂಖ್ಯೆ ಜಾಸ್ತಿಯಾಯಿತು, ಗಡಿ ದಾಟಿ ಹೊರಗೂ ಬರತೊಡಗಿತು. ಅದನ್ನು ನೋಡಿ ಉಳಿದ ಮನೆಯವರೂ ಸೇರಿದರು. 1985ರ ಹೊತ್ತಿಗೆ ಇಡೀ ದ್ವೀಪ ಒಪ್ಪಿತ್ತು. ದ್ವೀಪದ ಸುತ್ತ ಎಲ್ಲೂ ಡೈನಮೈಟ್ ಇಲ್ಲ, ವಿಷ ಇಲ್ಲ. ಗಾಳ, ಬಿದಿರಿನ ಕೂಳಿ, ದೊಡ್ಡ ಕಣ್ಣಿನ ಬಲೆ, ಇಂಥವಕ್ಕೇ ಅವಕಾಶ. ಅಲ್ಕಾಲ 2023ರಲ್ಲಿ ತೀರಿಕೊಂಡರು. ದ್ವೀಪದಲ್ಲಿ ಅವರ ಹೆಸರು ಹೇಳುವಾಗ ಜನ ದನಿ ತಗ್ಗಿಸುತ್ತಾರೆ.

ನನಗೆ ಈಜು ಬರುವುದಿಲ್ಲ ಎಂದು ನಿಮಗೆ ಗೊತ್ತಲ್ಲ. ಲೈಫ್ ಜಾಕೆಟ್ ಹಾಕಿಕೊಂಡು, ಬಾಡಿಗೆ ಕನ್ನಡಕ ಕಟ್ಟಿಕೊಂಡು, ದ್ವೀಪದ ಒಬ್ಬ ಹೆಂಗಸಿನ ಕೈ ಹಿಡಿದು ನೀರಿಗೆ ಇಳಿದೆ. ಎದೆಮಟ್ಟದ ನೀರು. ಮುಖ ಕೆಳಗೆ ಮಾಡಿದ ಕೂಡಲೇ ಅಲ್ಲೇ, ಎರಡು ಮಾರು ದೂರದಲ್ಲಿ, ಒಂದು ಆಮೆ ಮೇಯುತ್ತಿತ್ತು. ನಮ್ಮ ಟೊಂಕದ ದಂಡೆಗೆ ಮೊಟ್ಟೆ ಇಡಲು ಬರುವ ಜಾತಿಯಲ್ಲ, ಇದು ಹಸಿರು ಆಮೆ, ಅದಕ್ಕಿಂತ ದೊಡ್ಡದು. ದನ ಹುಲ್ಲು ಮೇಯುವ ಹಾಗೆ ತಲೆ ಪಕ್ಕಕ್ಕೆ ವಾಲಿಸಿ ಬಂಡೆಯ ಪಾಚಿ ಕಚ್ಚಿ ಎಳೆಯುತ್ತಿತ್ತು. ಎಳೆದಾಗ ಮರಳು ಸ್ವಲ್ಪ ಏಳುತ್ತಿತ್ತು, ಸಣ್ಣ ಹಳದಿ ಮೀನುಗಳು ಅದಕ್ಕೆ ಓಡಿ ಬರುತ್ತಿದ್ದವು. ಚಿಪ್ಪಿನ ಮೇಲೆ ಪಾಚಿ ಬೆಳೆದಿತ್ತು. ಅದು ಒಮ್ಮೆ ನನ್ನ ಕಡೆ ನೋಡಿತು, ಮತ್ತೆ ಮೇಯತೊಡಗಿತು. ಆಮೇಲೆ ನಿಧಾನಕ್ಕೆ ಮೇಲೆ ಬಂತು, ನನ್ನ ಪಕ್ಕದಲ್ಲೇ ತಲೆ ಹೊರಗೆ ಹಾಕಿ ಉಸಿರು ಬಿಟ್ಟಿತು. ಆ ಸದ್ದು ಅಜ್ಜಿ ಒಲೆ ಊದುವಾಗ ಬರುವ ಸದ್ದಿನ ಹಾಗೇ ಇತ್ತು. ಆಮೆಯನ್ನು ಮುಟ್ಟಬಾರದು, ಹತ್ತಿರ ಹೋಗಬಾರದು ಎಂದು ಕಟ್ಟುನಿಟ್ಟು. ನಾನು ಕೈ ಎದೆಗೆ ಕಟ್ಟಿಕೊಂಡು ತೇಲುತ್ತಾ ಇದ್ದೆ. ಕನ್ನಡಕದ ಒಳಗೆ ನನಗೆ ಅಳು ಬಂತು.

ಬಾಗಿಲು ಹಾಕಿದ ತುಂಡಿಗೆ ನಮ್ಮನ್ನು ಬಿಡಲಿಲ್ಲ. 2011 ಮತ್ತು 2012ರ ಎರಡು ಚಂಡಮಾರುತಗಳಿಗೆ ಅಲ್ಲಿಯ ಹವಳ ತುಂಬಾ ಒಡೆದು ಹೋಗಿತ್ತಂತೆ. ಅಷ್ಟು ವರ್ಷ ಕಾದದ್ದು ಎರಡು ಗಾಳಿಗೆ ಹೋಯಿತು. ಆದರೂ ಅವರು ಕಾಯುವುದನ್ನು ಬಿಟ್ಟಿಲ್ಲ. ಬಂದವರಿಂದ ತೆಗೆದುಕೊಳ್ಳುವ ಶುಲ್ಕದಲ್ಲಿ ದೊಡ್ಡ ಪಾಲು ದ್ವೀಪದ ಕೆಲಸಕ್ಕೇ ಹೋಗುತ್ತದೆ. ನಾನು ಎಲ್ಲದಕ್ಕೂ ಚೌಕಾಸಿ ಮಾಡುವವಳು. ಅಲ್ಲಿ ಮಾತ್ರ ಎಣಿಸಿ ಕೊಟ್ಟು ರಸೀದಿ ಜೋಪಾನವಾಗಿ ಇಟ್ಟುಕೊಂಡೆ.

ಅಪ್ಪ, ವಾಪಸ್ ಬರುವಾಗ ಬೋಟಿನಲ್ಲಿ ಕೂತು ನಿಮ್ಮದೇ ಯೋಚನೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ರಾತ್ರಿ ದೂರದಲ್ಲಿ, ಲೈಟು ಹಾಕಿ ಮೀನು ಸೆಳೆಯುವ ಬೋಟುಗಳು ಊರಿನ ಹಾಗೆ ಸಾಲಾಗಿ ಹೊಳೆಯುತ್ತಿದ್ದವು. ಬೆಳಿಗ್ಗೆ ನೀವು ಬಲೆ ಕೊಡವಿದಾಗ ನಾಲ್ಕು ಬಂಗಡೆ ಬಿದ್ದವು. ನೀವು ಏನೂ ಹೇಳದೆ ಬಲೆ ಒಣಗಿಸಲು ಹಾಕಿದಿರಿ. ಜೂನ್, ಜುಲೈ ಎರಡು ತಿಂಗಳು ಮಳೆಗಾಲದಲ್ಲಿ ನಮ್ಮ ಕಡಲಿಗೂ ರಜೆ ಕೊಡುತ್ತಾರೆ, ಅದು ಒಳ್ಳೆಯದೇ. ಆದರೆ ವರ್ಷವಿಡೀ ಯಾರೂ ಮುಟ್ಟದ ಒಂದು ಸಣ್ಣ ತುಂಡು, ನಮ್ಮ ಊರಿನವರೇ ಗುರುತು ಮಾಡಿ, ನಮ್ಮವರೇ ಕಾಯುವ ತುಂಡು, ಇದ್ದರೆ ಹೇಗಿರುತ್ತಿತ್ತು? ಹೊರಗಿನ ಬೋಟಿನವರು ಕೇಳುತ್ತಾರಾ, ನಮ್ಮಲ್ಲೇ ಜಗಳವಾಗುತ್ತದಾ, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಭಾನುವಾರ ದೋಣಿ ಹತ್ತಿರ ಎಲ್ಲರೂ ಕೂತಾಗ ಈ 14 ಮನೆಯವರ ಕತೆ ಹೇಳಿ ನೋಡಿ. ಅವರು ಏನೆಂದರು ಎಂದು ನನಗೆ ಹೇಳಬೇಕು.

ಅಮ್ಮ, ಉಪ್ಪಿನಕಾಯಿ ಮುಗಿಯುತ್ತಾ ಬಂತು. ಸಾರಿನಪುಡಿ ಇನ್ನೂ ಇದೆ. ಮಾವಿನಮಿಡಿ ಬಂದಿದ್ದರೆ ನನ್ನ ಪಾಲು ಎತ್ತಿಡು.

ಮುಂದಿನ ತಿಂಗಳ ಕೊನೆಗೆ ಹೊರಡುತ್ತೇನೆ. ಇಲ್ಲಿ ಉಕಾಯ್ ಉಕಾಯ್ ಎಂದು ಹಳೆ ಸಾಮಾನಿನ ಅಂಗಡಿಗಳಿವೆ. ಅಲ್ಲಿ ಒಂದು ಈಜು ಕನ್ನಡಕ ಸಿಕ್ಕಿತು, ಉಸಿರಾಡುವ ಕೊಳವೆ ಸಮೇತ. ರಬ್ಬರ್ ಇನ್ನೂ ಗಟ್ಟಿ ಇದೆ. ಅಪ್ಪ, ಅದು ನಿಮಗೆ. ನಲವತ್ತು ವರ್ಷ ನೇತ್ರಾಣಿ ದ್ವೀಪದ ಸುತ್ತ ಬಲೆ ಬಿಟ್ಟಿದ್ದೀರಿ, ಕೆಳಗೆ ಏನಿದೆ ಎಂದು ಕಣ್ಣಿನಿಂದ ನೋಡಿಲ್ಲ. ಮಳೆ ಹಿಡಿಯುವ ಮೊದಲು ಒಂದು ದಿನ ಹೋಗೋಣ. ಗಾಜಿನ ಒಳಗೆ ಸ್ವಲ್ಪ ಎಂಜಲು ಉಜ್ಜಿ ತೊಳೆದರೆ ಮಂಜು ಕಟ್ಟುವುದಿಲ್ಲ, ಆಪೋದ ಆ ಹೆಂಗಸು ಹೇಳಿಕೊಟ್ಟಿದ್ದಾಳೆ.

ಅಜ್ಜಿಗೆ ನಮಸ್ಕಾರ. ತಮ್ಮನಿಗೆ ಪ್ರೀತಿ.

ಇಂತಿ ನಿಮ್ಮ ಮಗಳು