ಫಿಶ್‌ಮನ್ಸ್ ಇಂಟರ್‌ನೆಟ್ ಹುಟ್ಟಿಸಿದ ಬ್ಯಾಂಡ್ ಅಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಜಪಾನಿನ ಸಂಗೀತದ ಬಗ್ಗೆ ಬಂದ ಲೇಖನ ಟೋಕಿಯೊದ ಫಿಶ್‌ಮನ್ಸ್ ಬ್ಯಾಂಡನ್ನು ಇಂಟರ್‌ನೆಟ್ ಹುಟ್ಟಿಸಿದ ಬ್ಯಾಂಡ್ ಎಂದು ಹೇಳಿ ಒಂದೇ ಸಾಲಿಗೆ ಮುಗಿಸಿದೆ. ಅದರ ಕೊನೆಯ ಲೈವ್ ಆಲ್ಬಮ್‌ನ ಹೆಸರನ್ನು ಗಾಯಕನ ಸಾವಿಗೆ ಗಂಟುಹಾಕಿದೆ. ಎರಡೂ ತಪ್ಪು. ಜಪಾನಿನ ಆಚೆ ಈ ಬ್ಯಾಂಡಿಗೆ ಕೇಳುಗರು ಸಿಕ್ಕಿದ್ದು ಇಂಟರ್‌ನೆಟ್‌ನಿಂದ, ನಿಜ. ಆದರೆ ಆ ಕೇಳುಗರು ಕೇಳುತ್ತಿರುವುದು 1995 ಮತ್ತು 1998ರ ನಡುವೆ ಮೂವರು ವಾದಕರು, ಒಬ್ಬ ಧ್ವನಿ ಎಂಜಿನಿಯರ್ ಮತ್ತು ಬಾಡಿಗೆ ಗಡಿಯಾರದ ಕಾಟವಿಲ್ಲದ ಒಂದು ಸ್ಟುಡಿಯೊ ಸೇರಿ ಮಾಡಿದ ಕೆಲಸವನ್ನು. ಆ ಕೆಲಸ ಹೇಗೆ ನಡೆಯಿತು ಎಂಬುದನ್ನು ಬಿಟ್ಟರೆ ಫಿಶ್‌ಮನ್ಸ್ ಬಗ್ಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಬ್ಯಾಂಡ್ ಶುರುವಾದದ್ದು 1987ರಲ್ಲಿ, ಟೋಕಿಯೊದ ಮೈಜಿ ಗಾಕುಯಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ. ಹಾಡು ಮತ್ತು ಗಿಟಾರ್ ಶಿಂಜಿ ಸಾತೊ, ಡ್ರಮ್ಸ್ ಕಿನ್‌ಇಚಿ ಮೊತೆಗಿ, ಇನ್ನೊಂದು ಗಿಟಾರ್ ಕೆನ್ಸುಕೆ ಒಜಿಮಾ. ಬೇಸ್ (ತಗ್ಗಿನ ಸ್ವರದ ಗಿಟಾರ್) ನುಡಿಸುವ ಯುಜುರು ಕಾಶಿವಾಬಾರಾ ಮರುವರ್ಷ ಬಂದರು, ಕೀಬೋರ್ಡಿನ ಹಕಾಸೆ 1990ರಲ್ಲಿ. ಮೊದಲ ಆಲ್ಬಮ್ 1991ರದು. ಅದನ್ನು ರೆಕಾರ್ಡ್ ಮಾಡಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಪ್ರೊಡ್ಯೂಸರ್ ಕಜುಫುಮಿ ಕೊದಾಮಾ. ಜಮೈಕಾದ ರೆಗೆಯಿಂದ ಹುಟ್ಟಿದ ಡಬ್ ಸಂಗೀತಕ್ಕೆ ಜಪಾನಿನಲ್ಲಿ ದಾರಿ ಮಾಡಿಕೊಟ್ಟ ಮ್ಯೂಟ್ ಬೀಟ್ ಗುಂಪಿನ ಟ್ರಂಪೆಟ್ ವಾದಕ ಈ ಕೊದಾಮಾ. ಮುಂದೆ ಬಂದದ್ದೆಲ್ಲಕ್ಕೂ ಬೇರು ಇಲ್ಲಿದೆ. ಮುಂದಿನ ಮೂರು ಆಲ್ಬಮ್‌ಗಳು ಒಳ್ಳೆಯವೇ (1994ರ 'ಆರೆಂಜ್' ಬಗ್ಗೆ ಯಾರೂ ಮಾತಾಡದಿರುವುದು ಅನ್ಯಾಯ), ಆದರೆ ಯಾವುದೂ ದೊಡ್ಡದಾಗಿ ಮಾರಾಟವಾಗಲಿಲ್ಲ. 1994ರಲ್ಲಿ ಒಜಿಮಾ ಬಿಟ್ಟರು, 1995ರಲ್ಲಿ ಹಕಾಸೆ. ಐವರಲ್ಲಿ ಉಳಿದವರು ಮೂವರು.

ಅದೇ ವರ್ಷ ಅವರು ಪಾಲಿಡಾರ್ ಎಂಬ ರೆಕಾರ್ಡ್ ಕಂಪನಿಗೆ ಹೋದರು. ಕಂಪನಿ ಟೋಕಿಯೊದ ಸೆತಗಾಯಾದಲ್ಲಿ ಅವರಿಗಾಗಿಯೇ ಒಂದು ಸ್ಟುಡಿಯೊ ಮಾಡಿಕೊಟ್ಟಿತು. ಅದಕ್ಕೆ 'ವೈಕಿಕಿ ಬೀಚ್' ಎಂದು ಹೆಸರು. ಗಂಟೆಗಿಷ್ಟು ಎಂದು ದುಡ್ಡು ಕಟ್ಟುವ ಸ್ಟುಡಿಯೊದಲ್ಲಿ ಹಾಡು ಸಿದ್ಧವಾಗಿದ್ದಾಗ ಮಾತ್ರ ಒಳಗೆ ಹೋಗುತ್ತಾರೆ, ಮುಗಿದ ಕೂಡಲೇ ಎದ್ದು ಬರುತ್ತಾರೆ. ಸ್ವಂತ ಜಾಗವಿದ್ದರೆ ಒಂದು ಬೇಸ್ ಸಾಲನ್ನು ಇವತ್ತು ನುಡಿಸಿ, ನಾಳೆ ಕೇಳಿ, ನಾಡಿದ್ದು ಅಳಿಸಬಹುದು. ಆ ಸ್ವಾತಂತ್ರ್ಯದಲ್ಲಿ ಎರಡು ವರ್ಷದೊಳಗೆ ಮೂರು ಆಲ್ಬಮ್ ಬಂದವು: ಫೆಬ್ರವರಿ 1996ರಲ್ಲಿ 'ಕೂಚೂ ಕ್ಯಾಂಪ್', ಅಕ್ಟೋಬರ್ 1996ರಲ್ಲಿ 'ಲಾಂಗ್ ಸೀಸನ್', ಜುಲೈ 1997ರಲ್ಲಿ 'ಉಚೂ ನಿಪ್ಪೊನ್ ಸೆತಗಾಯಾ'. ಮೂರಕ್ಕೂ ಎಂಜಿನಿಯರ್ ಝಾಕ್. ಕೀಬೋರ್ಡ್ ಮತ್ತು ವಯೊಲಿನ್ ಹೊಂಜಿ ಅವರದು. ಹೊಂಜಿ ಇಲ್ಲದ ಈ ಕಾಲದ ಫಿಶ್‌ಮನ್ಸ್ ಅನ್ನು ಊಹಿಸಿಕೊಳ್ಳುವುದೂ ಕಷ್ಟ. ಅವರ ಹೆಸರು ನಿಮ್ಮ ಲೇಖನದಲ್ಲಿ ಇರಲೇಬೇಕಿತ್ತು.

ಡಬ್ ಎಂದರೆ ಏನೆಂದು ಓದುಗರಿಗೆ ಹೇಳದೆ ಈ ಬ್ಯಾಂಡನ್ನು ವಿವರಿಸಲಾಗದು. ಜಮೈಕಾದ ರೆಗೆಯಲ್ಲಿ ಡ್ರಮ್ಸ್ ನುಡಿಸುವವರು ಹಲವು ಸಲ ನಾಲ್ಕರ ಎಣಿಕೆಯ ಮೊದಲ ಪೆಟ್ಟನ್ನು ಖಾಲಿ ಬಿಟ್ಟು ಮೂರನೆಯದಕ್ಕೆ ಒತ್ತು ಕೊಡುತ್ತಾರೆ. ಗಿಟಾರ್, ಕೀಬೋರ್ಡ್‌ಗಳು ಪೆಟ್ಟಿನ ಮೇಲೆ ಬೀಳದೆ ನಡುವಿನ ಎಡೆಯಲ್ಲಿ ಬಂದು ಹೋಗುತ್ತವೆ. ರಾಗವನ್ನು ಹೊರುವುದು ಬೇಸ್. ಡಬ್‌ನಲ್ಲಿ ಇದರ ಮೇಲೆ ಎಂಜಿನಿಯರ್ ಕೈಯಾಡಿಸುತ್ತಾರೆ. ಮಿಕ್ಸಿಂಗ್ ಬೋರ್ಡಿನ ಒಂದೊಂದು ಚಾನೆಲನ್ನು ಮುಚ್ಚಿ, ತೆರೆದು, ಇಕೋಗೆ ಕಳಿಸಿ, ಗಿಟಾರ್ ಮಾಯವಾದ ಮೇಲೂ ಅದರ ಮಾರ್ದನಿ ಉಳಿಯುವಂತೆ ಮಾಡುತ್ತಾರೆ. ಅಂದರೆ ಬೋರ್ಡೂ ಒಂದು ವಾದ್ಯ. ಇಲ್ಲಿ ಕೆಡುವುದು ಸುಲಭ. ನಿಮಿಷಕ್ಕೆ 80 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟಿಗೆ 750 ಮಿಲಿಸೆಕೆಂಡ್. ಇಕೋ ಮರಳಿ ಬರುವ ಹೊತ್ತು ಈ ಲೆಕ್ಕಕ್ಕೆ ಹೊಂದದಿದ್ದರೆ ಮಾರ್ದನಿ ಡ್ರಮ್ಸಿನ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಬೇಸ್ ಮತ್ತು ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಎರಡೂ ತಗ್ಗಿನ ಸ್ವರದವು. ಒಂದು ಇನ್ನೊಂದಕ್ಕೆ ಜಾಗ ಬಿಡದಿದ್ದರೆ ಕೇಳಿಸುವುದು ಬರೀ ಗುಂಯ್ ಎಂಬ ಸದ್ದು. ಕಾಶಿವಾಬಾರಾ ಮತ್ತು ಮೊತೆಗಿ ಪರಸ್ಪರ ಜಾಗ ಬಿಡುವುದರಲ್ಲಿ ಪಳಗಿದವರು. ಅವರು ತಳವನ್ನು ಅಷ್ಟು ಚೊಕ್ಕವಾಗಿ ಹಿಡಿದಿದ್ದಕ್ಕೇ ಸಾತೊ ಅವರ ತೆಳ್ಳನೆಯ, ಮೇಲಿನ ಸ್ಥಾಯಿಯ ದನಿ ಅಷ್ಟು ಎತ್ತರದಲ್ಲಿ ತೇಲಲು ಆಯಿತು.

'ಲಾಂಗ್ ಸೀಸನ್' ಒಂದೇ ಹಾಡು, 35 ನಿಮಿಷ. 'ಸೀಸನ್' ಎಂಬ ಸಿಂಗಲ್ (ಬಿಡಿಯಾಗಿ ಹೊರಬಂದ ಹಾಡು) ಅನ್ನು ಹಿಗ್ಗಿಸಿ ಕಟ್ಟಿದ್ದು. ಕೀಬೋರ್ಡಿನ ಒಂದು ಚಿಕ್ಕ ಸ್ವರಗುಚ್ಛ ಮರಳಿ ಮರಳಿ ಬರುತ್ತದೆ. ನಡುವೆ ಹಾಡು ನಿಂತು ತಾಳವಾದ್ಯಗಳಿಗೆ ಜಾಗ ಬಿಡುತ್ತದೆ, ಆಮೇಲೆ ದನಿ ಮತ್ತೆ ಸೇರಿಕೊಳ್ಳುತ್ತದೆ. ಇದರಲ್ಲಿ ತಾಳವಾದ್ಯ ನುಡಿಸಿದ ಆಸಾ-ಚಾಂಗ್ ಮುಂದೆ ತಬಲಾಕ್ಕೆ ಮುಖ್ಯ ಸ್ಥಾನವಿರುವ ಗುಂಪನ್ನೇ ಕಟ್ಟಿದರು. ಬಡಾ ಖ್ಯಾಲ್ ಕೇಳಿ ರೂಢಿಯಿರುವ ನಮ್ಮವರಿಗೆ 35 ನಿಮಿಷ ಏನೂ ಅಲ್ಲ. ನಿಧಾನವಾಗಿ ತುಂಬಿಕೊಳ್ಳುವ ಸಂಗೀತಕ್ಕೆ ಕೂರುವ ತಾಳ್ಮೆ ನಮ್ಮಲ್ಲಿ ಮೊದಲೇ ಇದೆ.

ಇನ್ನು ಕೊನೆಯ ಕಛೇರಿ. ಲೈವ್ ಆಲ್ಬಮ್‌ನ ಹೆಸರಿನಲ್ಲೇ ದಿನಾಂಕವಿದೆ: 98.12.28, ಅಂದರೆ 1998ರ ಡಿಸೆಂಬರ್ 28. ಜಾಗ ಟೋಕಿಯೊದ ಅಕಾಸಾಕಾ ಬ್ಲಿಟ್ಜ್. ಹೆಸರಿನ ಉಳಿದ ಭಾಗದ ಅರ್ಥ 'ಗಂಡಸರ ಅಗಲಿಕೆ'. ಆ ಅಗಲಿಕೆ ಸಾತೊ ಅವರದಲ್ಲ. ಬ್ಯಾಂಡ್ ಬಿಡುವುದಾಗಿ ತಿಳಿಸಿದ್ದವರು ಬೇಸ್ ವಾದಕ ಕಾಶಿವಾಬಾರಾ. ಆ ಡಿಸೆಂಬರಿನ ಪ್ರವಾಸಕ್ಕೆ ಹೆಸರು ಬಂದದ್ದು ಅದರಿಂದ. ಸಾತೊ ಮತ್ತು ಮೊತೆಗಿ ಬ್ಯಾಂಡನ್ನು ಮುಂದುವರಿಸುವವರಿದ್ದರು. 1999ರ ಮಾರ್ಚ್ 15ರಂದು ಸಾತೊ ತೀರಿಕೊಂಡರು, 33ನೇ ವಯಸ್ಸಿಗೆ. ಆಲ್ಬಮ್ ಹೊರಬಂದದ್ದು ಅದೇ ಸೆಪ್ಟೆಂಬರಿನಲ್ಲಿ. ಸಾವನ್ನು ಮೊದಲೇ ಅರಿತು ಹಾಡಿದ ಕಛೇರಿ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅಂದು ವೇದಿಕೆಯಲ್ಲಿ ನಡೆದದ್ದು ಹತ್ತು ವರ್ಷ ಒಟ್ಟಿಗೆ ನುಡಿಸಿದ ಗೆಳೆಯನನ್ನು ಕಳಿಸಿಕೊಡುವ ಕೆಲಸ. ಅದೇ ಕಿವಿಯಲ್ಲಿ ಕೇಳಿದರೆ ಬೇಸ್ ಇನ್ನೊಂದೇ ರೀತಿ ಕೇಳಿಸುತ್ತದೆ.

ಶ್ರೋತೃಗಳೇ ಅಂಕ ಕೊಡುವ 'ರೇಟ್ ಯುವರ್ ಮ್ಯೂಸಿಕ್' ತಾಣದ ಲೈವ್ ಆಲ್ಬಮ್‌ಗಳ ಪಟ್ಟಿಯಲ್ಲಿ ಇದು ಹಲವು ವರ್ಷಗಳಿಂದ ಮೇಲ್ತುದಿಯಲ್ಲಿದೆ. ಜಪಾನಿ ಬಾರದ ಕೇಳುಗರು ಒಬ್ಬರಿಂದೊಬ್ಬರಿಗೆ ದಾಟಿಸಿ ಇದನ್ನು ಅಲ್ಲಿಗೆ ಮುಟ್ಟಿಸಿದರು. ಅತ್ತ ಜಪಾನಿನಲ್ಲೂ ಬ್ಯಾಂಡಿನ ಉಸಿರು ನಿಂತಿರಲಿಲ್ಲ. ಮೊತೆಗಿ ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ ಸೇರಿದರು, ಜೊತೆಗೆ 2005ರಿಂದ ಬೇರೆ ಗಾಯಕರನ್ನು ಕರೆದು ಫಿಶ್‌ಮನ್ಸ್ ಹೆಸರಿನಲ್ಲೂ ಕಛೇರಿ ನಡೆಸಿದರು. ಹೊಂಜಿ 2007ರಲ್ಲಿ ತೀರಿಕೊಂಡರು. 2021ರಲ್ಲಿ ಬಂದ ಬ್ಯಾಂಡಿನ ಸಾಕ್ಷ್ಯಚಿತ್ರಕ್ಕೆ ಅಭಿಮಾನಿಗಳಿಂದಲೂ ಹಣ ಕೂಡಿತು.

ಕೇಳಬೇಕೆನ್ನುವ ಓದುಗರಿಗೆ ಪುರವಣಿ ಕೊಡಬೇಕಿದ್ದ ಕೆಲವು ಮಾತು ಇಲ್ಲಿ ಹೇಳುತ್ತೇನೆ. ಫೋನಿನ ಸ್ಪೀಕರಿನಲ್ಲಿ ಕೇಳಲೇಬೇಡಿ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸುಮಾರು 41 ಹರ್ಟ್ಜ್‌ನದು, ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗು ಹೊರಡಿಸಲು ಆಗದು. ರಾಗ ಹೊರುವ ವಾದ್ಯವೇ ಕಳೆದುಹೋಗಿ, ಹಾಡು ಬೋಳು ಎನಿಸುತ್ತದೆ. ಸಾಧಾರಣ ಇಯರ್‌ಫೋನ್ ಸಾಕು, ಆದರೆ ಬೇಸ್ ಹೆಚ್ಚಿಸುವ ಬಟನ್ ಒತ್ತಬೇಡಿ. ಮಿಕ್ಸ್‌ನಲ್ಲಿ ಅದು ಈಗಾಗಲೇ ಮುಂದಿದೆ, ಇನ್ನೂ ಏರಿಸಿದರೆ ದನಿಯನ್ನು ನುಂಗುತ್ತದೆ. ಸ್ಟ್ರೀಮಿಂಗ್‌ನಲ್ಲಿ 'ಲಾಂಗ್ ಸೀಸನ್' ಐದು ತುಂಡುಗಳಾಗಿ ಸಿಕ್ಕರೆ ಹಾಡುಗಳ ಕ್ರಮ ಕಲಸುವ ಶಫಲ್ ಆಫ್ ಮಾಡಿ, ಕ್ರಾಸ್‌ಫೇಡ್ (ಒಂದರ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವ ಆಯ್ಕೆ) ಸೊನ್ನೆಗೆ ಇಳಿಸಿ, ನಡುವೆ ಎಡೆ ಬಿಡದೆ ನುಡಿಸುವ ಆಯ್ಕೆಯನ್ನು ಹಚ್ಚಿ. ಇಲ್ಲವಾದರೆ ತುಂಡು ಬದಲಾಗುವಲ್ಲೆಲ್ಲ ಲಯ ಎಡವುತ್ತದೆ. ಎಲ್‌ಪಿಯ ಒಂದು ಬದಿಗೆ ಸಾಮಾನ್ಯವಾಗಿ ಇಪ್ಪತ್ತು ಚಿಲ್ಲರೆ ನಿಮಿಷವಷ್ಟೇ ಹಿಡಿಯುವುದರಿಂದ ತಟ್ಟೆ ಮಗುಚಲೇಬೇಕು. ಈ ಹಾಡಿಗೆ ಸಿಡಿಯೇ ಮೇಲು.

ಮೊದಲು 'ಕೂಚೂ ಕ್ಯಾಂಪ್' ಕೇಳಿ. ಎಂಟೇ ಹಾಡು, ಅದರಲ್ಲಿ 'ನೈಟ್ ಕ್ರೂಸಿಂಗ್' ಒಂದನ್ನು ಎರಡು ಸಲ ಕೇಳಿ, ಎರಡನೆಯ ಸಲ ಬರೀ ಬೇಸ್ ಹಿಂಬಾಲಿಸಿ. ಆಮೇಲೆ 'ಲಾಂಗ್ ಸೀಸನ್'. ಲೈವ್ ಆಲ್ಬಮ್ ಕೊನೆಗಿರಲಿ. ಅದರ ಮುಕ್ತಾಯದಲ್ಲಿ ಇದೇ ಹಾಡು 40 ನಿಮಿಷ ದಾಟಿ ಹೋಗುತ್ತದೆ. ಸ್ಟುಡಿಯೊದಲ್ಲಿ ಮಾಡಿದ್ದು ಕಿವಿಯಲ್ಲಿ ಕೂತಿದ್ದರೆ ಮಾತ್ರ ವೇದಿಕೆಯ ಮೇಲೆ ಅವರು ಎಲ್ಲಿ ದಾರಿ ಬಿಟ್ಟರು, ಎಲ್ಲಿ ಮತ್ತೆ ಕೂಡಿದರು ಎಂಬುದು ತಿಳಿಯುತ್ತದೆ.

ಆಲ್ಬಮ್ ಹೆಸರಿನ ತಪ್ಪಿಗೆ ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ, ಅದರಲ್ಲಿ ಕಾಶಿವಾಬಾರಾ ಅವರ ಹೆಸರನ್ನು ದಯವಿಟ್ಟು ಮುದ್ರಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ