ಎಐ ತಪ್ಪಿದಾಗ ಟೂಲಿನ ವಿವರಣೆಯನ್ನೂ ಓದಿ

ಮಾನ್ಯ ಸಂಪಾದಕರೇ,

ಜನರ ಪ್ರಶ್ನೆಗೆ ಉತ್ತರಿಸುವ, ಕೆಲಸ ಮಾಡಿಕೊಡುವ ಎಐ ಪ್ರೋಗ್ರಾಂ, ಅಂದರೆ ಎಐ ಏಜೆಂಟ್, ತಪ್ಪು ಉತ್ತರ ಕೊಟ್ಟರೆ ‘ಈ ಮಾಡೆಲ್ ಸರಿಯಿಲ್ಲ, ಬೇರೆಯದು ಹಾಕೋಣ’ ಎನ್ನುವುದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ರೂಢಿಯ ಮಾತಾಗಿದೆ. ಏಜೆಂಟಿನ ಮಿದುಳಾದ ಮಾಡೆಲನ್ನು ಬದಲಿಸುವ ಮುನ್ನ ಅದರ ಕೈಗೆ ಕೊಟ್ಟ ಟೂಲ್‌ಗಳ (ಮಾಹಿತಿ ತರಲು, ಕೆಲಸ ಮಾಡಲು ಅದು ಕರೆಯುವ ಪ್ರೋಗ್ರಾಂಗಳ) ವಿವರಣೆಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಎಷ್ಟೋ ಕಡೆ ಅಲ್ಲಿರುವುದು ಒಂದೇ ಸಾಲು: ‘ಬಸ್ ಮಾಹಿತಿ ಕೊಡುತ್ತದೆ’.

ಟೂಲಿನ ಒಳಗಿನ ಕೋಡ್ ಮಾಡೆಲ್‌ಗೆ ಕಾಣುವುದಿಲ್ಲ. ಕಾಣುವುದು ಟೂಲಿನ ಹೆಸರು, ವಿವರಣೆ, ಮತ್ತು ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂದು ಹೇಳುವ ಸ್ಕೀಮಾ, ಅಷ್ಟೇ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್, ಟೂಲ್ ಜೋಡಣೆಗೆ ಸಾಮಾನ್ಯ ಮಾನದಂಡವಾದ ಎಂಸಿಪಿಯನ್ನು ಪ್ರಕಟಿಸಿದ ಮೇಲೆ ಟೂಲ್ ಜೋಡಿಸುವ ಕೆಲಸ ಹಗುರವಾಯಿತು. ವಿವರಣೆ ಬರೆಯುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ. ಪೈಥಾನ್ ಭಾಷೆಯ ಕೋಡ್‌ನಲ್ಲಿ ಫಂಕ್ಷನ್ನಿನ ಜೊತೆ ಬರೆದಿಡುವ ಟಿಪ್ಪಣಿಯಾದ ಡಾಕ್‌ಸ್ಟ್ರಿಂಗನ್ನೇ ವಿವರಣೆಯಾಗಿ ಎತ್ತಿಕೊಳ್ಳುವ ಲೈಬ್ರರಿಗಳಿವೆ. ಪಕ್ಕದ ಮೇಜಿನವರಿಗೆಂದು ಗೀಚಿದ ಆ ಸಾಲು ಮಾಡೆಲ್‌ಗೆ ಸಾಲದು.

ನಮ್ಮೂರ ಬಸ್ಸನ್ನೇ ನೋಡಿ. ಮಾರ್ಗ ಸಂಖ್ಯೆ ತಾನೇ ಎಂದು ಸ್ಕೀಮಾದಲ್ಲಿ ಅದನ್ನು ‘ಇಂಟಿಜರ್’ (ಪೂರ್ಣಾಂಕ) ಎಂದು ಬರೆದುಬಿಡುತ್ತಾರೆ. 500-ಡಿ, 335-ಇ ಎಂಬ ಮಾರ್ಗಗಳಿರುವ ಊರು ಇದು. ಅಕ್ಷರಕ್ಕೆ ಜಾಗವಿಲ್ಲದಿದ್ದರೆ ಮಾಡೆಲ್ ಬರೀ 500 ಎಂದು ಕಳಿಸುತ್ತದೆ. ಅದು ‘ಸ್ಟ್ರಿಂಗ್’ (ಅಕ್ಷರ, ಅಂಕಿಗಳ ಸಾಲು) ಆಗಿರಬೇಕು, ಜೊತೆಗೆ ಹೀಗೊಂದು ವಿವರಣೆ ಬೇಕು: ‘ಮಾರ್ಗ ಸಂಖ್ಯೆ, ಅಕ್ಷರ ಸಮೇತ, ಉದಾಹರಣೆ 500-ಡಿ. ಬಳಕೆದಾರರು ಸಂಖ್ಯೆ ಹೇಳದಿದ್ದರೆ ಊಹಿಸಬೇಡ, ನಿಲ್ದಾಣದ ಹೆಸರಿನಿಂದ ಹುಡುಕುವ ಟೂಲ್ ಬಳಸು.’ ದಿನಾಂಕವನ್ನು 03/04 ಎಂದರೆ ಏಪ್ರಿಲ್ 3ನೋ ಮಾರ್ಚ್ 4ನೋ. ವರ್ಷ-ತಿಂಗಳು-ದಿನ ಎಂಬ ಒಂದೇ ಕ್ರಮವನ್ನು ಕಡ್ಡಾಯ ಮಾಡಿ. ಟೂಲ್ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಕೊಡುತ್ತಿದ್ದರೆ ಅದನ್ನೂ ಬರೆಯಬೇಕು. ಇಲ್ಲವಾದರೆ ರಾತ್ರಿ 9ರ ಬಸ್ಸನ್ನು ಏಜೆಂಟ್ ಮಧ್ಯಾಹ್ನ 3.30ಕ್ಕೇ ಹೊರಡಿಸಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಖಾಲಿ ಪಟ್ಟಿ. ಜನ ಕೇಳುವುದು ‘ಮೆಜೆಸ್ಟಿಕ್’. ದತ್ತಾಂಶದಲ್ಲಿರುವುದು ‘ಕೆಂಪೇಗೌಡ ಬಸ್ ನಿಲ್ದಾಣ’. ಹೆಸರು ಹೊಂದದೆ ಟೂಲ್ ಖಾಲಿ ಪಟ್ಟಿ ಮರಳಿಸಿದರೆ, ಮಾಡೆಲ್ ಅದನ್ನು ‘ಬಸ್ಸೇ ಇಲ್ಲ’ ಎಂದು ಓದಿಕೊಂಡು ಹಾಗೆಯೇ ಹೇಳುತ್ತದೆ. ಅಡ್ಡಹೆಸರುಗಳನ್ನು ಕೋಡ್‌ನಲ್ಲೇ ಸರಿಹೊಂದಿಸುವುದು ಲೇಸು. ಅದಾಗದಿದ್ದರೆ ‘ಈ ಹೆಸರಿನ ನಿಲ್ದಾಣ ಸಿಗಲಿಲ್ಲ, ಹತ್ತಿರದ ಹೆಸರುಗಳು ಇವು, ಇವುಗಳಲ್ಲಿ ಒಂದರಿಂದ ಮತ್ತೆ ಕರೆ’ ಎಂಬ ಸಂದೇಶ ಮರಳಬೇಕು. ಬರೀ ‘ಎರರ್ 400’ ಕೈಗಿತ್ತರೆ ಮಾಡೆಲ್ ಅದೇ ತಪ್ಪನ್ನು ನಾಲ್ಕು ಸಲ ಮಾಡುತ್ತದೆ. ಪ್ರತಿ ಸಲಕ್ಕೂ ದುಡ್ಡು ಬೇರೆ.

‘ಸರ್ಚ್’, ‘ಫೈಂಡ್’, ‘ಲುಕಪ್’ ಎಂದು ಮೂರು ಟೂಲ್ ಪಕ್ಕಪಕ್ಕ ಇಟ್ಟರೆ ಆಯ್ಕೆ ಲಾಟರಿಯೇ. ಯಾವುದನ್ನು ಯಾವಾಗ ಬಳಸಬಾರದು ಎಂಬ ಒಂದು ಸಾಲು ಇಲ್ಲಿ ಬಹಳ ದುಡಿಯುತ್ತದೆ. ಹಾಗೆಂದು ಪುರಾಣ ಬರೆಯಲೂ ಆಗದು: 50 ಟೂಲ್‌ಗೆ ತಲಾ 200 ಟೋಕನ್ (ಮಾಡೆಲ್ ಓದುವ ಪದದ ತುಣುಕು) ಎಂದರೆ, ಬಳಕೆದಾರರು ಬಾಯಿ ಬಿಡುವ ಮೊದಲೇ ಮಾಡೆಲ್ ಒಮ್ಮೆಗೆ ಓದಬಲ್ಲ ಜಾಗದಲ್ಲಿ 10,000 ಟೋಕನ್ ತುಂಬಿರುತ್ತದೆ. ಒಮ್ಮೆ ಓದಿದ್ದನ್ನು ಉಳಿಸಿಟ್ಟು ಮರುಬಳಸುವ ಕ್ಯಾಶಿಂಗ್‌ನಿಂದ ಖರ್ಚು ಇಳಿದೀತು, ಜಾಗವೇನೂ ಉಳಿಯದು. ಬಳಸದ ಟೂಲ್ ತೆಗೆದುಹಾಕಿ, ಉಳಿದ ಒಂದೊಂದಕ್ಕೂ ಮೂರು-ನಾಲ್ಕು ಸ್ಪಷ್ಟ ವಾಕ್ಯ ಬರೆಯಿರಿ.

ಹಣದ ಟೂಲ್‌ಗಳಿಗೆ ಇನ್ನೂ ಎಚ್ಚರ ಬೇಕು. ‘ಮೊತ್ತ: 500’ ಎಂದರೆ ರೂಪಾಯಿಯೋ ಪೈಸೆಯೋ? ಟೂಲ್ ಕೇಳುವ ಆ ಮಾಹಿತಿಯ (ಪ್ಯಾರಾಮೀಟರಿನ) ಹೆಸರಲ್ಲೇ ‘ಪೈಸೆಯಲ್ಲಿ’ ಎಂದಿರಲಿ. ‘ಕೇಳದೆ ಹಣ ಕಳಿಸಬೇಡ’ ಎಂದು ವಿವರಣೆಯಲ್ಲಿ ಬರೆದು ನಿಶ್ಚಿಂತರಾಗುವವರಿದ್ದಾರೆ. ಅದು ಬಾಗಿಲಿಗೆ ಅಂಟಿಸಿದ ಚೀಟಿ, ಬೀಗ ಇರಬೇಕಾದ್ದು ಕೋಡ್‌ನಲ್ಲಿ. ಹೊರಗಿನವರ ಟೂಲ್ ಜೋಡಿಸುವಾಗಲೂ ವಿವರಣೆಯನ್ನು ಪೂರ್ತಿ ಓದಬೇಕು. ಮಾಡೆಲ್‌ಗೆ ಕಳ್ಳ ಆದೇಶಗಳನ್ನು ಅಲ್ಲೇ ಅಡಗಿಸಬಹುದು.

ಪರೀಕ್ಷೆಗೆ ಮೂವತ್ತು ಪ್ರಶ್ನೆ ಸಾಕು: ಕೆಲವು ಶುದ್ಧ ಕನ್ನಡದವು, ಕೆಲವು ಕಂಗ್ಲಿಷಿನವು, ಕೆಲವು ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡಿದ ಕನ್ನಡದವು, ಐದಾರು ಯಾವ ಟೂಲನ್ನೂ ಕರೆಯಬಾರದಂಥವು. ಉತ್ತರ ಒಂದೊಂದು ಸಲ ಒಂದೊಂದು ರೀತಿ ಬರುವುದರಿಂದ ಪ್ರತಿಯೊಂದನ್ನೂ ಐದು ಬಾರಿ ಓಡಿಸಿ, ಆರಿಸಿದ ಟೂಲನ್ನೂ ತುಂಬಿದ ಮೌಲ್ಯಗಳನ್ನೂ ಬರೆದಿಟ್ಟುಕೊಳ್ಳಿ. ತಿದ್ದುವಾಗ ಒಂದು ಸಲಕ್ಕೆ ಒಂದೇ ಸಾಲು.

ನಗರದ ಸಾರ್ವಜನಿಕ ಸೇವೆಗಳಿಗೆ ಇಂಥ ಏಜೆಂಟ್ ಮಾಡಿಸುವ ಇಲಾಖೆಗಳು ಟೂಲ್ ವಿವರಣೆಗಳನ್ನೂ ಈ ಪ್ರಶ್ನೆಪಟ್ಟಿಯ ಫಲಿತಾಂಶವನ್ನೂ ಟೆಂಡರ್‌ನಲ್ಲೇ ಕೇಳಿ ಪಡೆಯಲಿ. ಬಿಲ್ ಪಾಸಾಗುವ ಮುನ್ನ ಅವನ್ನು ಕೌಂಟರಿನಲ್ಲಿ ಕೂತು ಜನರ ಪ್ರಶ್ನೆ ಕೇಳಿಸಿಕೊಳ್ಳುವ ಸಿಬ್ಬಂದಿಯೊಬ್ಬರು ಓದಿ ನೋಡಲಿ.

– ಸಾಫ್ಟ್‌ವೇರ್ ಎಂಜಿನಿಯರ್, ಬಸವನಗುಡಿ, ಬೆಂಗಳೂರು