ಬಾಜೂಕ ಕೂತವನ ಪಾಟಿ

ದೋಸ್ತ,

ಅವತ್ತು ಫೋನಿನಲ್ಲಿ ನಿನ್ನ ಮಾತಿಗೆ ಹೂಂ ಅಂದು ಸುಮ್ಮನಾದೆ, ಸಿಟ್ಟಾಗಬೇಡ. "ಐದನೇ ಇಯತ್ತೆಗೆ ಮಗನ್ನ ಕೋಚಿಂಗ್ ಹಾಸ್ಟೆಲಿಗೆ ಹಾಕ್ತೀನಿ. ಸೈನಿಕ ಶಾಲೆಯಾಗ ಆಗ್ಲಿ, ನವೋದಯದಾಗ ಆಗ್ಲಿ, ಸೀಟು ಸಿಕ್ಕರ ಸಾಕು. ಇಲ್ಲಿ ಹುಡುಗರ ಸಂಗ ಛೊಲೋ ಇಲ್ಲ" ಅಂದಿ. ಆ ಸಂಗದ ಮಾತು ಎರಡು ದಿನ ತಲೆಯಿಂದ ಇಳಿಯಲಿಲ್ಲ.

ನೆನಪಿದೆಯಾ? ಊರ ಸಾಲಿಯಲ್ಲಿ ನೀನು ಗುರುಗಳ ಮಗ, ನಾನು ಕಂಡವರ ನಿಂಬೆ ತೋಟದಲ್ಲಿ ಕೂಲಿ ಮಾಡುವವನ ಮಗ. ನಿಮ್ಮಪ್ಪ ನಮ್ಮಿಬ್ಬರನ್ನೂ ಒಂದೇ ತಟ್ಟಿನ ಮೇಲೆ ಕೂಡಿಸಿದರು. ನಿಮ್ಮ ಮನೆಗೆ ದಿನಾ ಪೇಪರ್ ಬರುತ್ತಿತ್ತು, ನಮ್ಮ ಮನೆಯಲ್ಲಿ ಅಕ್ಷರ ಇದ್ದದ್ದು ಗೊಬ್ಬರದ ಚೀಲದ ಮೇಲಷ್ಟೇ. ಹದಿಮೂರರ ಮಗ್ಗಿಯನ್ನು ನಿನ್ನ ಪಾಟಿ ನೋಡಿ ಬರೆದುಕೊಂಡೆ. ಮರುದಿನ ನೀನು ಪಾಟಿ ಒರೆಸಿ "ಈಗ ಹೇಳು" ಅಂದಿ. ನಾನು ಮಾಸ್ತರ ಆದದ್ದು ಅಲ್ಲಿಂದ.

ಈಗ ಇಂಡಿ ತಾಲ್ಲೂಕಿನ ನನ್ನ ಶಾಲೆಯಲ್ಲಿ ಪ್ರತಿ ಜೂನ್‌ನಲ್ಲಿ ಐದನೇ ಇಯತ್ತೆ ಬರಿದಾಗುತ್ತದೆ. ಹೋದ ವರ್ಷ ಏಳು ಮಕ್ಕಳು ಕೋಚಿಂಗಿಗೆ ಹೋದರು, ಎಲ್ಲರೂ ಕಿರಾಣಿ ಅಂಗಡಿಯವರ, ನೌಕರಿಯವರ ಮಕ್ಕಳು. ದೀಪಾವಳಿ ಮುಗಿದ ಮೇಲೆ ತಾಂಡಾದ ಮಕ್ಕಳು ಕಬ್ಬು ಕಡಿಯುವ ಗ್ಯಾಂಗಿನ ಹಿಂದೆ ಹೋಗುತ್ತಾರೆ. ಉಳಿದವರಲ್ಲಿ ಒಬ್ಬಳು ಅಂಗಡಿಯವರ ಮಗಳ ಜೊತೆ ಪಾಳಿ ಹಚ್ಚಿ ಪಾಠ ಓದುತ್ತಿದ್ದಳು. ಗೆಳತಿ ಹೋದ ಮೇಲೆ ಅವಳ ದನಿ ಕೇಳಬೇಕೆಂದರೆ ನಾನು ಪಕ್ಕದಲ್ಲೇ ಕೂಡಬೇಕು. ಪುಸ್ತಕ ಅದೇ, ಮಾಸ್ತರನೂ ನಾನೇ. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ: ಆ ಏಳು ಮನೆಯವರು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ಬಂದು ಖಾಲಿ ಬಿದ್ದ ಶಿಕ್ಷಕರ ಹುದ್ದೆಯ ಬಗ್ಗೆ ಕೇಳುತ್ತಿದ್ದರು. ಈಗ ಕೇಳುವವರಿಲ್ಲ.

ಇದು ನನ್ನೊಬ್ಬನ ಸಂಕಟವಲ್ಲ. 1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ವರದಿ ಕೊಟ್ಟರು. ಮಗುವಿನ ಕಲಿಕೆಗೆ ಕಟ್ಟಡ, ಸಲಕರಣೆಗಳಿಗಿಂತ ಮನೆಯ ಸ್ಥಿತಿಯೂ ಜೊತೆಗೆ ಕೂತವರ ಹಿನ್ನೆಲೆಯೂ ಹೆಚ್ಚು ತಳಕು ಹಾಕಿಕೊಂಡಿದ್ದವು. ಆ ಸಹವಾಸ ಹೆಚ್ಚು ತಟ್ಟುವುದು ಓದಿನ ಬಲವಿಲ್ಲದ ಮನೆಯ ಮಕ್ಕಳಿಗೇ.

ಆದರೆ ಒಂದೇ ಕೋಣೆಯಲ್ಲಿ ತುಂಬಿದರೆ ಸಾಲದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ 642 ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟರು. ಜಾತಿ ಎತ್ತದಿದ್ದಾಗ ದಲಿತ ಹುಡುಗರು ಮೇಲ್ಜಾತಿಯವರ ಸಮಕ್ಕೆ ಬಿಡಿಸಿದರು. ಎಲ್ಲರೆದುರು ಜಾತಿ ಓದಿ ಹೇಳಿದಾಗ ಅವರ ಸಾಧನೆ ಕುಸಿಯಿತು. ಇದನ್ನು ಓದಿದ ದಿನದಿಂದ ಸ್ಕಾಲರ್‌ಶಿಪ್ಪಿನ ಪಟ್ಟಿಯನ್ನು ನಾನು ತರಗತಿಯಲ್ಲಿ ಓದುವುದಿಲ್ಲ, ಒಬ್ಬೊಬ್ಬರನ್ನೇ ಕರೆದು ಹೇಳುತ್ತೇನೆ.

ಕೀನ್ಯಾದ 121 ಶಾಲೆಗಳ ಪ್ರಯೋಗದಲ್ಲಿ ಮಕ್ಕಳನ್ನು ಅಂಕದ ಮೇಲೆ ಎರಡು ತರಗತಿ ಮಾಡಿದಲ್ಲಿ ಹಿಂದುಳಿದವರೂ ಹೆಚ್ಚು ಕಲಿತರು ಅಂತ ನೀನು ವಾದಿಸಬಹುದು. ನಿಜ. ಅಲ್ಲಿ ಆ ಮಕ್ಕಳಿಗೂ ಅವರ ಮಟ್ಟಕ್ಕಿಳಿದು ಕಲಿಸುವ ಒಬ್ಬ ಶಿಕ್ಷಕರಿದ್ದರು. ನಮ್ಮಲ್ಲಿ ಬೇರೆ ಮಾಡುವುದು ಅಂದರೆ ಮುಂದಿದ್ದವರನ್ನು ಎತ್ತಿಕೊಂಡು ಹೋಗುವುದು, ಅಷ್ಟೇ.

ನಮ್ಮ ಸರ್ಕಾರಿ ಶಾಲೆಗಳ ಸಣ್ಣ ಇಯತ್ತೆಗಳ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕೂಡುವ ಐದು ತಟ್ಟೆಗಳಿವೆ, ಅವುಗಳಲ್ಲಿ ಎರಡು ಗೆಳೆಯರ ಸಹಾಯದವು. ಮೂರನೇ ಇಯತ್ತೆಯ ತನಕ ಮಗುವಿಗೆ ಮಗು ಕಲಿಸಲಿ ಅಂತ ಜಾಗ ಮಾಡಿಕೊಟ್ಟು, ಆಮೇಲೆ ಆ ಜಾಗ ತೆಗೆದುಬಿಡುತ್ತೇವೆ. ಅದಕ್ಕೇ ಐದನೇ ಇಯತ್ತೆಯಲ್ಲೂ ಜೋಡಿ ಕೂಡಿಸುತ್ತಿದ್ದೇನೆ, ಹದಿನೈದು ದಿನಕ್ಕೊಮ್ಮೆ ಬದಲಿಸುತ್ತೇನೆ.

ಮಗನ ಬಗ್ಗೆ ನಿನಗಿರುವ ಭಯವನ್ನೂ ನಾನು ಹಗುರಾಗಿ ತೊಗೊಂಡಿಲ್ಲ. ದಿಲ್ಲಿಯ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳ ಜೊತೆ ಕೂತ ಉಳ್ಳವರ ಮಕ್ಕಳನ್ನು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿದ್ದಾರೆ. ಗಣಿತ, ಹಿಂದಿಯಲ್ಲಿ ಅವರು ಹಿಂದೆ ಬೀಳಲಿಲ್ಲ, ಇಂಗ್ಲಿಷಿನ ಅಂಕ ತುಸು ಇಳಿಯಿತು. ಹಂಚಿಕೊಳ್ಳುವ ಗುಣ ಹೆಚ್ಚಿತು, ಬಡವರನ್ನು ದೂರವಿಡುವ ಬುದ್ಧಿ ಕಡಿಮೆಯಾಯಿತು.

ಶನಿವಾರ ಮುಂಜಾನೆ ಸಾಲಿ ಇರುತ್ತದೆ. ನವನಗರದಿಂದ ಮಗನನ್ನು ಕರಕೊಂಡು ಬಾ. ಭಾಗಾಕಾರ ಅವನಿಗೆ ಚೆನ್ನಾಗಿ ಬರುತ್ತದೆ ಅಂದಿದ್ದಿ. ದನಿ ಎತ್ತಿ ಓದುವುದನ್ನು ಬಿಟ್ಟ ಆ ಹುಡುಗಿಯ ಬಾಜೂಕ ಜಾಗ ಖಾಲಿ ಇದೆ.

ನಿನ್ನ,
ಒಂದೇ ತಟ್ಟಿನವ